ಸೈಕಲ್ ತುಳಿಯಲಿಕ್ಕೆ ಮುಂಬಯಿಗೆ ಬಂದದ್ದೇ?

ಕಳೆದ ದೀಪಾವಳಿ ಮುಗಿದ ಬಳಿಕ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಸಭೆ ಸೇರಿತ್ತು. ವಿಷಯಪಟ್ಟಿಯಲ್ಲಿ ನಾಲ್ಕನೆಯದು ವಾರ್ಷಿಕ ವಿಹಾರಕೂಟ. ಎಂದಿನಂತೆ ಎರಡು ಎ.ಸಿ. ಬಸ್ಸು, ಎಂದಿನಂತೆ ಒಂದು ರೆಸಾರ್ಟು, ಎಂದಿನಂತೆ ತಲೆಗಿಷ್ಟು ಎಂದು ವಂತಿಗೆ. ನಾನು ಎದ್ದು ನಿಂತು ಒಂದು ಸೂಚನೆ ಮಂಡಿಸಿದೆ: "ಈ ಸಲ ದೊಡ್ಡ ಮಕ್ಕಳನ್ನಾದರೂ ಸೈಕಲ್ ಮೇಲೆ ಕಡಲತೀರಕ್ಕೆ ಕರೆದೊಯ್ಯೋಣ. ಒಂದು ಹಗಲು ಸವಾರಿ, ಒಂದು ರಾತ್ರಿ ಡೇರೆ ಹಾಕಿ ಬಿಡಾರ, ಮರುದಿನ ಮನೆ."

ಸಭೆ ನಕ್ಕಿತು. ನಾನು ಬಹಳ ಗೌರವಿಸುವ ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಎಂಥದು ಮಾರಾಯ್ರೆ ನೀವು ಹೇಳುವುದು? ಸೈಕಲ್ ತುಳಿಯಲಿಕ್ಕಾ ನಾವು ಊರು ಬಿಟ್ಟು ಮುಂಬಯಿಗೆ ಬಂದದ್ದು?" ನಗು ಇಮ್ಮಡಿಯಾಯಿತು. ಅಧ್ಯಕ್ಷರು ಐದನೆಯ ವಿಷಯಕ್ಕೆ ಹೋದರು.

ಆ ಪ್ರಶ್ನೆಗೆ ಸಭೆಯಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ನಡೆದು ಬರುವಾಗ ಹೊಳೆಯಿತು. ಹೌದು ಸ್ವಾಮೀ, ಸೈಕಲ್ ತುಳಿಯಲಿಕ್ಕೇ ಬಂದದ್ದು!

ಇದು ಹಟಕ್ಕೆ ಹೇಳುವ ಮಾತಲ್ಲ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರ ಆಗಸ್ಟ್ 1ರಂದು ತನ್ನ ಕೆಲಸಕ್ಕೆ ತೊಡಗಿದ್ದು ನಮ್ಮ ಇದೇ ವಾಗ್ಳೆ ಎಸ್ಟೇಟಿನಿಂದ. ಆಮೇಲಿನ ಎರಡು-ಮೂರು ದಶಕ ಇಲ್ಲಿ ಕಾರ್ಖಾನೆಯ ಭೋಂಗಾ ಕೂಗಿದಾಗಲೆಲ್ಲ ಕಿಸನ್ ನಗರದಿಂದ, ಲೋಕಮಾನ್ಯ ನಗರದಿಂದ ಸೈಕಲ್ಲುಗಳ ಸಾಲು ಹೊರಡುತ್ತಿತ್ತು. ಆ ಸಾಲಿನಲ್ಲಿ ನಮ್ಮವರೂ ಇದ್ದರು. ಲೇತ್ ಯಂತ್ರದ ಮುಂದೆ ನಿಂತವರು, ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸಿದವರು, ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು. ನನ್ನ ತಂದೆಯವರ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತೇ ನಾನು ಬಾಲವಾಡಿಗೆ ಹೋದದ್ದು. ಇಂದು ಅದೇ ಕಾರ್ಖಾನೆಗಳ ನಿವೇಶನದಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ, ಕಂಪ್ಯೂಟರ್ ಕಚೇರಿಗಳು ಬಂದಿವೆ. ನಮ್ಮ ಮಕ್ಕಳು ಅಲ್ಲಿಗೆ ಕಾರಿನಲ್ಲಿ ಹೋಗುತ್ತಾರೆ. ಸಂತೋಷವೇ. ಆದರೆ ಹತ್ತಿ ಬಂದ ಏಣಿಯ ಹೆಸರು ಹೇಳಲು ನಾಚಿಕೆ ಏಕೆ?

ಸೈಕಲ್ ಎಂದರೆ ಇಲ್ಲದವನ ವಾಹನ ಎಂಬ ಭಾವನೆ ನಮ್ಮೊಳಗೆ ಬೇರೂರಿದೆ. ಅದೇ ನಾವು ತಿಂಗಳಿಗೆ ಸಾವಿರಗಟ್ಟಲೆ ತೆತ್ತು ವ್ಯಾಯಾಮಶಾಲೆಗೆ ಹೋಗಿ, ಅಲ್ಲಿ ನೆಲಕ್ಕೆ ಬಿಗಿದ ಚಕ್ರವಿಲ್ಲದ ಸೈಕಲ್ಲನ್ನು ಗೋಡೆಗೆ ಮುಖ ಮಾಡಿ ತುಳಿಯುತ್ತೇವೆ. ಅದು ಪ್ರತಿಷ್ಠೆ! ಚಕ್ರ ಉರುಳಿ ಕಡಲು ಕಾಣುವ ಸೈಕಲ್ಲು ಮಾತ್ರ ಬಡತನ! ಒಮ್ಮೆ ನಮ್ಮ ವರಳಿಯಲ್ಲೇ ಹಿಂದ್ ಸೈಕಲ್ ಕಾರ್ಖಾನೆ ಇತ್ತು. 1980ರಲ್ಲಿ ಸಂಸತ್ತು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಕರಣಗೊಳಿಸಿತು. ಆದರೂ ಅದು ಉಳಿಯಲಿಲ್ಲ. ಅಟ್ಲಾಸ್ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವಸಂಸ್ಥೆ ಸಾರಿದ ವಿಶ್ವ ಸೈಕಲ್ ದಿನ!

ಹೋಗಲಿ. ಸಮಿತಿ ಒಪ್ಪಲಿಲ್ಲವೆಂದು ನಾನು ಸುಮ್ಮನಿರಲಿಲ್ಲ. ನೆರೆಹೊರೆಯ ನಾಲ್ಕು ಕುಟುಂಬಗಳನ್ನು ಒಪ್ಪಿಸಿ, ಕಳೆದ ಫೆಬ್ರವರಿಯ ಮೊದಲ ಶನಿವಾರ ಹೊರಟೇಬಿಟ್ಟೆವು. ಒಟ್ಟು ಒಂಬತ್ತು ಮಂದಿ: ದೊಡ್ಡವರು ನಾಲ್ವರು, ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳು ಐವರು, ಅವರಲ್ಲಿ ಮೂವರು ಹುಡುಗಿಯರು. ಎರಡು ಸೈಕಲ್ ಮಾತ್ರ ಹೊಸವು. ಉಳಿದವು ಕಟ್ಟಡಗಳ ಜಿನೆಯ ಕೆಳಗೆ ಧೂಳು ತಿನ್ನುತ್ತಿದ್ದವು. ಅವುಗಳಿಗೆ ಟ್ಯೂಬು, ಬ್ರೇಕು ಬದಲಾಯಿಸಿ, ಮುಂದೆ ದೀಪ, ಹಿಂದೆ ಕೆಂಪು ದೀಪ ಕಟ್ಟಿಸಿದೆವು.

ಬೆಳಿಗ್ಗೆ ಐದೂವರೆಗೆ ವಾಗ್ಳೆ ಎಸ್ಟೇಟು ಬಿಟ್ಟು ತೀನ್ ಹಾತ್ ನಾಕಾ ದಾಟಿ ಘೋಡಬಂದರ್ ರಸ್ತೆಗೆ ಬಿದ್ದೆವು. ಒಬ್ಬರ ಹಿಂದೆ ಒಬ್ಬರು, ಮುಂದೊಬ್ಬ ದೊಡ್ಡವರು, ಹಿಂದೊಬ್ಬ ದೊಡ್ಡವರು. ಗಾಯ್‌ಮುಖದ ಏರಿನಲ್ಲಿ ಲಾರಿಗಳ ಭರಾಟೆ ಕಂಡು ಇಳಿದು ಸೈಕಲ್ ತಳ್ಳಿಕೊಂಡು ನಡೆದೆವು, ಅದರಲ್ಲಿ ಅವಮಾನವೇನಿಲ್ಲ. ಎಡಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಬಲಕ್ಕೆ ಖಾರಿಯ ನೀರು ಬೆಳಗಾಗುತ್ತಿದ್ದಂತೆ ಕಂಡವು. ಹತ್ತು ವರ್ಷದಿಂದ ವಾರಕ್ಕೊಮ್ಮೆಯಾದರೂ ಈ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದ ಹುಡುಗನೊಬ್ಬ, "ಇಲ್ಲಿ ನೀರಿದೆ ಎಂದೇ ನನಗೆ ಗೊತ್ತಿರಲಿಲ್ಲ ಅಂಕಲ್" ಎಂದ.

ಘೋಡಬಂದರ್ ಎಂದರೆ ಕುದುರೆಗಳ ಬಂದರು. ಹಡಗಿನಲ್ಲಿ ಕುದುರೆ ತರಿಸುವ ವ್ಯಾಪಾರ ನಮ್ಮ ಕರಾವಳಿಗೂ ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಭಟ್ಕಳ, ಹೊನ್ನಾವರಗಳಲ್ಲಿ ಕುದುರೆ ಇಳಿಯುತ್ತಿದ್ದವು. ಈ ಮಾತನ್ನು ತರಗತಿಯಲ್ಲಿ ಹೇಳಿದ್ದರೆ ಮಕ್ಕಳು ಆಕಳಿಸುತ್ತಿದ್ದರು. ಅಲ್ಲಿ ನಿಂತು ಹೇಳಿದಾಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು.

ಕಾಶಿಮೀರಾ ದಾಟಿ ಭಾಯಂದರದ ಧಕ್ಕೆಗೆ ಬಂದೆವು. 2024ರ ಫೆಬ್ರವರಿಯಲ್ಲಿ ಇಲ್ಲಿಂದ ವಸಾಯಿಗೆ ರೋ-ರೋ ದೋಣಿ ಶುರುವಾಗಿದೆ. ರಸ್ತೆಯಲ್ಲಿ ಸುತ್ತಿ ಹೋದರೆ ಮೂವತ್ತೆಂಟು ಕಿಲೋಮೀಟರು. ನೀರಿನ ಮೇಲೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಕಾರುಗಳ ನಡುವೆ ನಮ್ಮ ಒಂಬತ್ತು ಸೈಕಲ್ಲುಗಳೂ ದೋಣಿ ಏರಿದವು. ಕಾಲು ಗಂಟೆಯಲ್ಲಿ ವಸಾಯಿ ಕೋಟೆಯ ಬದಿಗೆ ಇಳಿದೆವು. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಗೆದ್ದ ಕೋಟೆ ಇದು. ಮುರಿದ ಇಗರ್ಜಿಯ ನೆರಳಿನಲ್ಲಿ ಕುಳಿತು ಅವಲಕ್ಕಿ, ಬಾಳೆಹಣ್ಣು ತಿಂದೆವು. ಮುಂದೆ ಭುಯಿಗಾಂವ್, ಕಳಂಬ್, ರಾಜೋಡಿ. ಬಾಳೆಯ ತೋಟ, ತರಕಾರಿ ಮಡಿ, ನಡುನಡುವೆ ಗಾಳಿಮರದ ತೋಪು. ಇಲ್ಲಿಯವರು ಅದನ್ನು ಸುರು ಎನ್ನುತ್ತಾರೆ. ಸಂಜೆ ಐದಕ್ಕೆ ಅರ್ನಾಳ ಮುಟ್ಟಿದಾಗ ಒಟ್ಟು ನಲವತ್ತೈದು ಕಿಲೋಮೀಟರಿನ ಆಸುಪಾಸು ಆಗಿತ್ತು. ಬೊಂಬಿಲ್ ಒಣಹಾಕಿದ ಚಪ್ಪರಗಳ ವಾಸನೆ ಬಂದದ್ದೇ ತಡ, ನಮ್ಮ ಜೊತೆಗಿದ್ದ ಮಲ್ಪೆ ಕಡೆಯ ಅಕ್ಕ ಸೈಕಲ್ ನಿಲ್ಲಿಸಿ, "ಊರಿಗೇ ಬಂದ ಹಾಗಾಯಿತು" ಎಂದರು.

ಹಳ್ಳಿಯವರೊಬ್ಬರ ತೋಪಿನಲ್ಲಿ ಅವರನ್ನು ಕೇಳಿ, ಬಾಡಿಗೆ ಕೊಟ್ಟು, ಮೂರು ಡೇರೆ ಹಾಕಿದೆವು. ಸ್ಟವ್ ಮೇಲೆ ಗಂಜಿ ಬೇಯಿಸಿ ಉಪ್ಪಿನಕಾಯಿ, ಹಪ್ಪಳದೊಂದಿಗೆ ಉಂಡೆವು. ಟಿ.ವಿ. ಇಲ್ಲ, ಡಿ.ಜೆ. ಇಲ್ಲ. ಮೊಬೈಲುಗಳನ್ನು ಒಂದು ಚೀಲಕ್ಕೆ ಹಾಕಿ ಕಟ್ಟಿದ್ದೆವು. ಒಂದನ್ನು ಮಾತ್ರ ಆಪತ್ತಿಗೆಂದು ಹೊರಗಿಟ್ಟಿದ್ದೆವು. ಮಲಗುವ ಮೊದಲು ಮರವಂತೆಯ ಕಡೆಯ ಕುಟುಂಬದ ಹುಡುಗ ಕೇಳಿದ: "ಇದೇ ಕಡಲಾ ನಮ್ಮೂರಿಗೂ ಹೋಗುವುದು?" ಇದೇ ಮಗು, ಎಂದೆ. ಅವನು ಮರವಂತೆಯನ್ನು ಪ್ರತಿವರ್ಷ ನೋಡುತ್ತಾನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಆದರೆ ನೋಡಿದ್ದೆಲ್ಲ ಬಸ್ಸಿನ ಗಾಜಿನೊಳಗಿಂದ, ಎರಡು ನಿಮಿಷ. ಊರಿಗೆ ಹೋದಾಗ ಮದುವೆ, ಪೂಜೆ, ಕೋಲಗಳ ನಡುವೆ ಅವನನ್ನು ಆ ಮರಳಿನ ಮೇಲೆ ಯಾರೂ ಇಳಿಸಿಲ್ಲ. ಮಕ್ಕಳಿಗೆ ಊರಿನ ಮಮತೆಯಿಲ್ಲ ಎಂದು ಈ ಪತ್ರಿಕೆಯ ಪುಟಗಳಲ್ಲೇ ನಾವು ಎಷ್ಟು ಸಲ ಗೋಳಾಡಿಲ್ಲ? ಕಾಲಿಟ್ಟು ನಡೆಯದ ನೆಲದ ಮೇಲೆ ಮಮತೆ ಎಲ್ಲಿಂದ ಹುಟ್ಟಬೇಕು?

ಈಗ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು ಅಪಾಯ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಘೋಡಬಂದರ್ ರಸ್ತೆಯ ಕಂಟೇನರ್ ಲಾರಿ ಕವಿಯ ಕಲ್ಪನೆಯಲ್ಲ. ಆದರೆ ಅಪಾಯ ತರುವುದು ಸೈಕಲ್ಲೋ ಲಾರಿಯೋ? ರಸ್ತೆ ಸರಿಯಿಲ್ಲವೆಂದು ನಾವು ಮಕ್ಕಳನ್ನು ಮನೆಯೊಳಗೆ ಕೂರಿಸಿದೆವೇ ಹೊರತು, ರಸ್ತೆ ಸರಿಮಾಡಿ ಎಂದು ಒಂದು ಅರ್ಜಿಯನ್ನೂ ಕೊಡಲಿಲ್ಲ. ಹಾಲೆಂಡಿನಲ್ಲಿ ಇಂದು ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಅದು ಆ ದೇಶಕ್ಕೆ ದೇವರು ಕೊಟ್ಟ ವರವಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ನಾನೂರಕ್ಕೂ ಮೇಲ್ಪಟ್ಟು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಚಳವಳಿ ಹೂಡಿದರು. ಆಮೇಲೆ ಸರಕಾರ ಸೈಕಲ್ಲಿಗೆ ಬೇರೆ ದಾರಿ ಕಟ್ಟಿತು. ಅಲ್ಲಿಯ ತಾಯಂದಿರು ಮಕ್ಕಳ ಸೈಕಲ್ ಕಸಿದುಕೊಳ್ಳಲಿಲ್ಲ. ಮೋಟಾರಿನವರಿಂದ ರಸ್ತೆಯ ಪಾಲು ಕೇಳಿ ಪಡೆದರು.

ಇಲ್ಲೇನಾಗಿದೆ ನೋಡಿ. 2009ರಲ್ಲಿ ಬಾಂದ್ರಾ-ವರಳಿ ಸಮುದ್ರ ಸೇತು ತೆರೆಯಿತು, ಸೈಕಲ್ಲಿಗೆ ಪ್ರವೇಶವಿಲ್ಲ. 2024ರ ಜನವರಿ 12ರಂದು 21.8 ಕಿಲೋಮೀಟರು ಉದ್ದದ ಅಟಲ್ ಸೇತು ತೆರೆಯಿತು, ಸೈಕಲ್ಲಿಗೆ ಪ್ರವೇಶವಿಲ್ಲ. ಅದೇ ಮಾರ್ಚಿನಲ್ಲಿ ಕರಾವಳಿ ರಸ್ತೆಯ ಮೊದಲ ಭಾಗ ತೆರೆಯಿತು, ಅಲ್ಲಿಯೂ ಇಲ್ಲ. ಅದರ ಬದಿಯ ವಿಹಾರಪಥ 2025ರ ಆಗಸ್ಟಿನಲ್ಲಿ ಜನರಿಗೆ ತೆರೆದುಕೊಂಡಿತು ನಿಜ, ಆದರೆ ಅದು ಸುತ್ತಾಡುವುದಕ್ಕೆ, ಊರಿಂದೂರಿಗೆ ಹೋಗುವುದಕ್ಕಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಹಿಂದೆ ಹಾಕಿದ್ದ ಸೈಕಲ್ ಪಟ್ಟಿಯನ್ನು ಕಿತ್ತು ಮೋಟಾರಿಗೆ ಬಿಟ್ಟುಕೊಡುವ ತೀರ್ಮಾನವೂ 2025ರಲ್ಲಿ ಆಯಿತು. ನಮ್ಮ ಘೋಡಬಂದರ್ ರಸ್ತೆಯಲ್ಲಿ ಸೈಕಲ್ಲಿನವನು ಜೀವ ಹಿಡಿದು ಹೋಗುತ್ತಿದ್ದ ಸೇವಾರಸ್ತೆಗಳನ್ನೂ ಹೆದ್ದಾರಿಗೆ ಕೂಡಿಸುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ತೆರಿಗೆ ಕೊಡುವವರು ಎಲ್ಲರೂ. ಕಡಲಿನ ಮೇಲೆ ಹೋಗುವವರು ಮೋಟಾರಿನವರು ಮಾತ್ರ. ಇದಕ್ಕೆ ಎದುರಾಡದೆ "ಅಪಾಯ, ಅಪಾಯ" ಎಂದು ಮಕ್ಕಳ ಮೇಲೆ ಬಾಗಿಲು ಹಾಕುವುದನ್ನು ಜಾಗರೂಕತೆ ಎನ್ನಲು ನನಗೆ ಮನಸ್ಸಿಲ್ಲ.

ಎರಡನೆಯದು ಸಮುದ್ರದ ಭಯ. ಇದೂ ಸುಳ್ಳಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ವಸತಿಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಆ ಸುದ್ದಿ ಓದಿ ನನ್ನ ಹೆಂಡತಿ ನಮ್ಮ ಪ್ರವಾಸವೇ ಬೇಡವೆಂದಳು. ನಾನು ಅವಳಿಗೆ ಹೇಳಿದ್ದಿಷ್ಟು: ಅವರು ಬಂದದ್ದು ಬಸ್ಸಿನಲ್ಲಿ. ಕಡಲನ್ನು ಕಂಡರಿಯದ ಮಕ್ಕಳು ಕಡಲಿಗೆ ಬಂದಾಗಲೇ ಗಂಡಾಂತರ ಹೆಚ್ಚು. ಆದುದರಿಂದ ಕಲಿಸಬೇಕು. ಎರಡು ಭರತಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ. ದಿನದಿಂದ ದಿನಕ್ಕೆ ಭರತ ಹೆಚ್ಚುಕಡಿಮೆ ಐವತ್ತು ನಿಮಿಷ ತಡವಾಗುತ್ತದೆ. ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಅತಿ ಮೇಲಕ್ಕೆ ಬರುತ್ತದೆ. ಮರಳಿನ ಮೇಲೆ ಕಸಕಡ್ಡಿ ಸಾಲುಗಟ್ಟಿ ನಿಂತಿದೆಯಲ್ಲ, ಅದು ಹಿಂದಿನ ಭರತದ ಗೆರೆ. ಡೇರೆ ಅದಕ್ಕಿಂತ ಬಹಳ ಮೇಲಿರಬೇಕು. ಮಧ್ಯಾಹ್ನ ಕಡಲಿನ ಕಡೆಯಿಂದ ಗಾಳಿ ಬೀಸುತ್ತದೆ, ಬಡಗಣಕ್ಕೆ ಹೋಗುವ ಸವಾರನ ಮುಖಕ್ಕೇ ಹೊಡೆಯುತ್ತದೆ. ಆದುದರಿಂದ ದೂರದ ದಾರಿಯನ್ನು ಬೆಳಿಗ್ಗೆಯೇ ಮುಗಿಸಬೇಕು. ಇಷ್ಟನ್ನು ಹಿಂದಿನ ವಾರ ಮಕ್ಕಳಿಗೆ ಪಾಠ ಮಾಡಿದೆವು. ಮೊಣಕಾಲಿಗಿಂತ ಮೇಲಿನ ನೀರಿಗೆ ಯಾರೂ ಇಳಿಯಕೂಡದು, ಕತ್ತಲಾದ ಮೇಲೆ ನೀರಿನ ಬಳಿ ಸುಳಿಯಕೂಡದು ಎಂಬ ನಿಯಮ ಮಾಡಿದೆವು. ಒಂದು ಮಗುವೂ ಮೀರಲಿಲ್ಲ. ಕಾರಣ ತಿಳಿಸಿದ ನಿಯಮವನ್ನು ಮಕ್ಕಳು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಮೂರನೆಯದು, ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿರುವುದು: ಹೆಣ್ಣುಮಕ್ಕಳು. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಆಮೇಲೆ ಹುಡುಗರಿಗೂ ವಿಸ್ತರಿಸಿತು. ಹಳ್ಳಿಯ ಹುಡುಗಿಯರು ಎರಡು ಜಡೆ ಹಾಕಿ, ಸಾಲುಸಾಲಾಗಿ ಸೈಕಲ್ ತುಳಿಯುತ್ತ ಹೈಸ್ಕೂಲಿಗೆ ಹೋಗುವ ದೃಶ್ಯವನ್ನು ಬೇಸಿಗೆ ರಜೆಯಲ್ಲಿ ಊರಿಗೆ ಹೋದ ನಾವೆಲ್ಲ ಕಂಡಿದ್ದೇವೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಂದಿಗೆ ಹತ್ತಾರು ಸಾವಿರ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕಲ್ಲುಕ್ವಾರಿಯಲ್ಲಿ ದುಡಿಯುವವರೂ ಇದ್ದರು. ಊರಿನ ಹುಡುಗಿಗೆ ಇರುವ ಧೈರ್ಯ ಮಹಾನಗರದ ನಮ್ಮ ಹುಡುಗಿಗೆ ಬೇಡವೇ? ನಮ್ಮ ಸವಾರಿಯಲ್ಲಿ ಪಂಕ್ಚರ್ ಆದದ್ದು ನನ್ನ ಸೈಕಲ್ಲಿಗೆ. ಚಕ್ರ ಬಿಚ್ಚಿ ಪ್ಯಾಚು ಹಾಕಿದವಳು ಹದಿನಾಲ್ಕು ವರ್ಷದ ಹುಡುಗಿ. ನಾನು ಪಂಪು ಹಿಡಿದುಕೊಂಡು ನಿಂತಿದ್ದೆ, ಅಷ್ಟೇ.

ಅದೇ ಹುಡುಗಿಯ ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಧ್ಯಾಹ್ನ ಒಂದು ತೀರದಲ್ಲಿ ಮರಳಿನ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದೆವು. ಹಿಂದಿನ ರೆಸಾರ್ಟಿನ ಕಾವಲುಗಾರ ಬಂದು, ಇದು ನಮ್ಮ ಗಿರಾಕಿಗಳ ಬೀಚು, ಸೈಕಲ್ ತೆಗೆದುಕೊಂಡು ಆಚೆ ಹೋಗಿ ಎಂದ. "ಸಮುದ್ರಕ್ಕೂ ಮಾಲೀಕರಿದ್ದಾರಾ ಅಂಕಲ್?" ಎಂದು ಅವಳು ಕೇಳಿದಳು. ಇಲ್ಲ ಮಗಳೇ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 20ನೆಯ ಕಲಮಿನ ಪ್ರಕಾರ ಖಾಸಗಿಯವರದಲ್ಲದ ನೆಲ, ಸಮುದ್ರದ ತಳ, ಖಾರಿ ಎಲ್ಲವೂ ರಾಜ್ಯದ್ದು. ರಾಜ್ಯದ್ದು ಎಂದರೆ ನಮ್ಮ ನಿಮ್ಮೆಲ್ಲರದು. ತೀರವನ್ನು ಕಾಯಲೆಂದೇ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. 2019ರ ಹೊಸ ಅಧಿಸೂಚನೆ, ಜನ ಒತ್ತಾಗಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡ ಕೂಡದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಸಾಮಾನ್ಯರು ಕಾಲಿಡದ ತೀರ ಮೆಲ್ಲನೆ ಯಾರದೋ ಅಂಗಳವಾಗುತ್ತದೆ. ನಾವು ಪ್ರತಿವರ್ಷ ವಂತಿಗೆ ಎತ್ತಿ ರೆಸಾರ್ಟಿಗೆ ಹೋದಾಗ ಆ ಕಾವಲುಗಾರನ ಸಂಬಳಕ್ಕೂ ಪಾಲು ಕೊಡುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಅಂದು ನಾವು ಏಳಲಿಲ್ಲ. ಊಟ ಮುಗಿಸಿ, ಎಲೆ, ಕಾಗದ ಎಲ್ಲ ಚೀಲಕ್ಕೆ ತುಂಬಿಕೊಂಡು, ನಮ್ಮದಲ್ಲದ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳನ್ನೂ ಹೆಕ್ಕಿಕೊಂಡು ಹೊರಟೆವು.

ಖರ್ಚಿನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ದೋಣಿ, ತೋಪಿನ ಬಾಡಿಗೆ, ಊಟ, ಡೇರೆಯ ಬಾಡಿಗೆ, ಒಂದು ಟ್ಯೂಬು, ಎಲ್ಲ ಸೇರಿ ತಲೆಗೆ ನಾನೂರ ಅರುವತ್ತು ರೂಪಾಯಿ. ಸಂಘದ ರೆಸಾರ್ಟಿನ ವಂತಿಗೆ ಎರಡು ಸಾವಿರದ ಇನ್ನೂರು. ಆ ಹಣ ಹೊಂದಿಸಲಾರದೆ ಮೂರು ಕುಟುಂಬಗಳು ಈ ಸಲವೂ ವಿಹಾರಕೂಟಕ್ಕೆ ಬರಲಿಲ್ಲ. ಏನೋ ಕೆಲಸವಿತ್ತು ಎಂದು ಅವರು ಹೇಳಿದರು, ನಾವೂ ನಂಬಿದಂತೆ ನಟಿಸಿದೆವು. ಸೈಕಲ್ಲು ಬಡವನ ವಾಹನ ಎಂದು ನಗುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಧೈರ್ಯದ ಮಾತು ಬಂದಾಗ ನಮ್ಮ ಮಹಾನಗರದ್ದೇ ಒಂದು ಕತೆ ನೆನಪಾಗುತ್ತದೆ. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು ಮರುಭೂಮಿ, ಹಿಮ, ಕಾಡು ದಾಟಿ ಸುಮಾರು 71,000 ಕಿಲೋಮೀಟರು ಸಾಗಿ 1928ರ ಮಾರ್ಚಿನಲ್ಲಿ ಮರಳಿದರು. ಮೊಬೈಲಿಲ್ಲ, ನಕ್ಷೆ ಸರಿಯಿಲ್ಲ. ಮನೆಯವರ ಎದೆ ಹೊಡೆದುಕೊಳ್ಳದೆ ಇತ್ತೇ? ಆದರೂ ಕಳಿಸಿದರು. ನಾನು ಕೇಳುತ್ತಿರುವುದು ಜಗತ್ತಲ್ಲ, ಅರ್ನಾಳ.

ಆದುದರಿಂದ ಸಂಘದ ಮುಂದೆ ಎರಡೇ ಬೇಡಿಕೆ ಇಡುತ್ತೇನೆ. ಒಂದು, ಮಳೆಗಾಲ ಮುಗಿದ ಬಳಿಕ ನವೆಂಬರಿನಿಂದ ಫೆಬ್ರವರಿಯೊಳಗೆ ವರ್ಷಕ್ಕೊಂದು ಸೈಕಲ್ ಬಿಡಾರ. ತಂಡಕ್ಕೆ ಹದಿನೈದಕ್ಕಿಂತ ಹೆಚ್ಚು ಮಂದಿ ಬೇಡ, ಮೂರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರು, ಎಲ್ಲರಿಗೂ ಹೆಲ್ಮೆಟ್. ಸೈಕಲ್ ಇಲ್ಲದ ಮನೆಯ ಮಕ್ಕಳಿಗೆ ಸಂಘದ ಕ್ರೀಡಾನಿಧಿಯಿಂದ ಸೈಕಲ್. ಎರಡು, ಘೋಡಬಂದರ್ ರಸ್ತೆಯಲ್ಲಿ ಸೈಕಲ್ಲಿಗೂ ನಡೆಯುವವರಿಗೂ ಬೇರೆ ದಾರಿ ಬೇಕೆಂದು ಠಾಣೆ ಮಹಾನಗರಪಾಲಿಕೆಗೆ ಸಂಘದ ಮುದ್ರೆಯೊತ್ತಿದ ಅರ್ಜಿ, ಸದಸ್ಯರೆಲ್ಲರ ಸಹಿಯೊಂದಿಗೆ. ಮತ ಕೇಳಲು ನಮ್ಮ ಗಣೇಶೋತ್ಸವಕ್ಕೆ ಬರುವವರಿಗೆ ಆ ಅರ್ಜಿಯ ಪ್ರತಿಯನ್ನು ಪ್ರಸಾದದೊಂದಿಗೆ ಕೊಡೋಣ. ಈ ಎರಡನ್ನೂ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಠರಾವಾಗಿ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಆ ಹಿರಿಯರಲ್ಲೇ ವಿನಂತಿಸುತ್ತೇನೆ: ರಾಯರೇ, ಅನುಮೋದನೆ ನಿಮ್ಮಿಂದಲೇ ಬರಲಿ. ಎಪ್ಪತ್ತರ ದಶಕದಲ್ಲಿ ರಾತ್ರಿಪಾಳಿ ಮುಗಿಸಿ ಇಪ್ಪತ್ತೆರಡು ನಂಬರಿನ ವೃತ್ತದಲ್ಲಿ ನೀವು ಸೈಕಲ್ ನಿಲ್ಲಿಸಿ ಚಹಾ ಕುಡಿಯುತ್ತಿದ್ದುದನ್ನು ನನ್ನ ತಂದೆಯವರು ಹೇಳುತ್ತಿದ್ದರು. ನಿಮ್ಮ ಮೊಮ್ಮಗಳು ನಮ್ಮ ಜೊತೆ ಬರಲು ಎರಡು ಸಲ ಕೇಳಿಕೊಂಡಿದ್ದಳು; ನೀವು ಬೇಡವೆಂದಿರಿ. ಮುಂದಿನ ಸಲ ಅವಳನ್ನು ಕಳಿಸಿಕೊಡಿ. ಅವಳ ಸೈಕಲ್ಲಿನ ಬ್ರೇಕು ನಾನೇ ನೋಡಿಕೊಳ್ಳುತ್ತೇನೆ.